ಮಹಾಪಧಮನಿಯ ಉಬ್ಬು: ಖಿದಿರ್‌ಪುರದ ಹಿನ್ನೆಲೆಯಲ್ಲಿ ಒಂದು ರೋಗನಾಮದ ಚರಿತ್ರೆ

೧

ರೋಗಕ್ಕೆ ಹೆಸರಿಡುವುದು ವೈದ್ಯನ ಕೆಲಸ. ಆ ಹೆಸರಿಗೆ ಅಂಕೆಯೊಂದನ್ನು ಕೊಟ್ಟು ಲೆಕ್ಕದ ಪುಸ್ತಕದಲ್ಲಿ ಅದರ ಸ್ಥಾನವನ್ನು ಗೊತ್ತುಪಡಿಸುವುದು ಅಂಕಿ-ಅಂಶ ಶಾಖೆಯ ಕೆಲಸ. ಮೊದಲನೆಯದರ ಚರಿತ್ರೆಯನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಎರಡನೆಯದನ್ನು ಕಚೇರಿಯ ವ್ಯವಹಾರವೆಂದು ಭಾವಿಸಿ ಭಾಷಾಭ್ಯಾಸಿಗಳು ಸಾಮಾನ್ಯವಾಗಿ ಕೈಬಿಡುತ್ತಾರೆ. ಆದರೆ ರೋಗಗಳ ಸಂಕೇತಾಂಕಗಳ ಪಟ್ಟಿಯೂ ಒಂದು ಬಗೆಯ ನಿಘಂಟೇ ಆಗಿದೆ. ಅದರಲ್ಲಿ ನಾಮಪದಗಳಿವೆ, ವಿಶೇಷಣಗಳಿವೆ. ವಿಶೇಷಣವಿಲ್ಲದೆ ಬಂದ ನಾಮಪದವನ್ನು ಯಾವ ಅರ್ಥದಲ್ಲಿ ಗ್ರಹಿಸಬೇಕೆಂಬ ಕಟ್ಟಳೆಯೂ ಇದೆ. ಆ ಕಟ್ಟಳೆಯಲ್ಲಿ ಒಂದು ಕಾಲದ ವೈದ್ಯಜ್ಞಾನದ ಜೊತೆಗೆ ಆ ಕಾಲದ ಪೂರ್ವಗ್ರಹಗಳೂ ಸೇರಿಕೊಂಡಿರುತ್ತವೆ.

ಈ ಮಾತಿಗೆ ಒಂದು ನಿದರ್ಶನವಾಗಿ, ಹೃದಯದಿಂದ ಹೊರಡುವ ಹೆಬ್ಬಾಗಿಲಿನಂಥ ರಕ್ತನಾಳವಾದ ಮಹಾಪಧಮನಿಯು ಹಿಗ್ಗಿ ಉಬ್ಬಿಕೊಳ್ಳುವ ರೋಗದ ಹೆಸರನ್ನೂ ಅದರ ಸಂಕೇತಾಂಕಗಳನ್ನೂ ಇಲ್ಲಿ ಪರಿಶೀಲಿಸಲಾಗಿದೆ. ವೈದ್ಯರು ಇದನ್ನು ಅನ್ಯೂರಿಸಂ ಎಂದು ಕರೆಯುತ್ತಾರೆ. ೧೯೪೮ರಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಈ ರೋಗನಾಮದ ಮುಂದೆ ಯಾವ ವಿಶೇಷಣವೂ ಇಲ್ಲದಿದ್ದರೆ ಅದು ಸಿಫಿಲಿಸ್‌ನ ಗುಂಪಿಗೆ ಸೇರುತ್ತಿತ್ತು. ಅಂದರೆ ಸತ್ತವನ ನಡತೆಯನ್ನು ಕುರಿತ ಒಂದು ಊಹೆ ಮೂರು ಅಂಕೆಗಳಲ್ಲಿ ಅಡಗಿ ಕುಳಿತಿತ್ತು. ಈ ಊಹೆ ಹೇಗೆ ಹುಟ್ಟಿತು, ಹೇಗೆ ಅಂಕೆಯಾಯಿತು, ಹೇಗೆ ಕಳಚಿತು ಎಂಬುದನ್ನು ತಿಳಿಯಲು ಕಲ್ಕತ್ತೆಯ ಖಿದಿರ್‌ಪುರ ತಕ್ಕ ನೆಲೆಯಾಗಿದೆ. ಹಡಗುಕಟ್ಟೆ, ಸೈನ್ಯದ ಕೋಟೆ, ದೊಡ್ಡ ಆಸ್ಪತ್ರೆ ಇವೆಲ್ಲ ಅಲ್ಲಿ ಒಂದರ ಮಗ್ಗುಲಲ್ಲಿ ಒಂದಿದ್ದವು. ಈ ರೋಗದ ಕಥೆಯಲ್ಲಿ ಮೂರಕ್ಕೂ ಪಾತ್ರವಿದೆ.

೨

ಮೊದಲು ಹೆಸರುಗಳನ್ನು ನೋಡಬಹುದು. ಅನ್ಯೂರಿಸಂ ಎಂಬುದು ಗ್ರೀಕ್ ಮೂಲದ ಶಬ್ದ. ‘ಅಗಲವಾಗುವುದು’ ಎಂಬುದು ಅದರ ಮೂಲಾರ್ಥ. ಮಹಾಪಧಮನಿಗೆ ಇರುವ ‘ಏಯೋರ್ಟಾ’ ಎಂಬ ಹೆಸರನ್ನು ಅರಿಸ್ಟಾಟಲನು ಬಳಸಿದ್ದಾನೆ. ‘ಎತ್ತು, ತೂಗುಹಾಕು’ ಎಂಬ ಅರ್ಥದ ಧಾತುವಿನಿಂದ ಅದು ಬಂದಿತೆಂದು ಸಾಂಪ್ರದಾಯಿಕವಾಗಿ ಹೇಳುತ್ತಾರೆ. ಧಮನಿಯನ್ನು ಸೂಚಿಸುವ ಗ್ರೀಕ್ ಶಬ್ದ ಮೊದಲು ಶ್ವಾಸನಾಳಕ್ಕೂ ಸಲ್ಲುತ್ತಿತ್ತು. ಸತ್ತ ದೇಹದಲ್ಲಿ ಬರಿದಾಗಿ ಕಾಣುವ ಈ ಕೊಳವೆಗಳಲ್ಲಿ ಗಾಳಿಯೇ ಹರಿಯುತ್ತದೆಂದು ಪ್ರಾಚೀನರು ನಂಬಿದ್ದರು. ಸಂಸ್ಕೃತದ ‘ಧಮನಿ’ಯೂ ‘ಊದು’ ಎಂಬರ್ಥದ ‘ಧ್ಮಾ’ ಧಾತುವಿನಿಂದಲೇ ಬಂದದ್ದು. ಒಂದರಿಂದೊಂದು ದೂರವಿದ್ದ ಎರಡು ವೈದ್ಯಪರಂಪರೆಗಳು ಒಂದೇ ವಸ್ತುವಿಗೆ ಗಾಳಿಯ ಹೆಸರನ್ನಿಟ್ಟದ್ದು ಶಬ್ದಾರ್ಥಚರಿತ್ರೆಯಲ್ಲಿ ಗಮನಾರ್ಹವಾದ ಸಂಗತಿ.

ಸುಶ್ರುತಸಂಹಿತೆಯ ಶಾರೀರಸ್ಥಾನವು ೭೦೦ ಸಿರೆಗಳನ್ನೂ ೨೪ ಧಮನಿಗಳನ್ನೂ ಹೇಳುತ್ತದೆ. ಈ ವಿಭಾಗ ಇಂದಿನ ಶರೀರರಚನಾಶಾಸ್ತ್ರದ ವಿಭಾಗಕ್ಕೆ ಸರಿಹೊಂದುವುದಿಲ್ಲ. ಅದರ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ‘ಸಿರಾಜಗ್ರಂಥಿ’ ಎಂಬ ರೋಗದ ವರ್ಣನೆ ಬರುತ್ತದೆ. ದುರ್ಬಲನಾದವನು ಅತಿಯಾಗಿ ಶ್ರಮಿಸಿದಾಗ ವಾಯುವು ಸಿರೆಗಳ ಜಾಲವನ್ನು ಅಮುಕಿ ದುಂಡಗೆ ಮೇಲೆದ್ದ ಗಂಟನ್ನುಂಟುಮಾಡುತ್ತದೆಂದೂ, ನೋವಿಲ್ಲದೆ ಅಲುಗದೆ ದೊಡ್ಡದಾಗಿ ಮರ್ಮಸ್ಥಾನದಲ್ಲಿರುವ ಗಂಟು ಅಸಾಧ್ಯವೆಂದೂ ಅಲ್ಲಿ ಹೇಳಿದೆ. ಈಚಿನ ಆಯುರ್ವೇದ ವಿದ್ವಾಂಸರಲ್ಲಿ ಕೆಲವರು ಇದನ್ನು ಅನ್ಯೂರಿಸಂಗೂ ಕೆಲವರು ಸಿರೆಗಳ ಊತಕ್ಕೂ ಹೊಂದಿಸುತ್ತಾರೆ. ಕವಿರಾಜ ಕುಂಜಲಾಲ ಭಿಷಗ್ರತ್ನರ ಇಂಗ್ಲಿಷ್ ಅನುವಾದ ೧೯೦೭ರಿಂದ ೧೯೧೬ರವರೆಗೆ ಕಲ್ಕತ್ತೆಯಲ್ಲಿ ಅಚ್ಚಾದ ಮೇಲೆ ಇಂಥ ಹೋಲಿಕೆಗಳಿಗೆ ಹೆಚ್ಚು ಅವಕಾಶವಾಯಿತು. ಇಲ್ಲಿ ಮುಖ್ಯವಾದದ್ದು ಬೇರೆಯೇ ಇದೆ. ಸಂಹಿತೆಯ ನಿರೂಪಣೆಯಲ್ಲಿ ಕಾರಣವೆಂದು ಹೇಳಿರುವುದು ಶಕ್ತಿಗೆ ಮೀರಿದ ಶ್ರಮವನ್ನು. ರೋಗಿಯ ಶೀಲದ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಯುರೋಪಿನ ಪರಂಪರೆಯಲ್ಲಿ ಹೆಸರಿನ ಅಪಾಯ ಬೇಗನೆ ಅರಿವಿಗೆ ಬಂದಿತು. ಮಿಡಿಯುವ ಈ ಉಬ್ಬನ್ನು ಕೀವುಗಟ್ಟಿದ ಬಾವೆಂದು ತಿಳಿದು ಕೊಯ್ದರೆ ರೋಗಿ ರಕ್ತ ಸುರಿದು ಸಾಯುತ್ತಾನೆಂದು ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಯ್ಸ್ ಪಾರೆ ಎಚ್ಚರಿಸಿದ್ದನು. ೧೫೫೫ರಲ್ಲಿ ವೆಸಾಲಿಯಸ್ ಜೀವಂತ ರೋಗಿಯಲ್ಲಿಯೇ ಮಹಾಪಧಮನಿಯ ಉಬ್ಬನ್ನು ಗುರುತಿಸಿದನು. ರೋಮಿನ ಲಾನ್ಸಿಸಿಯ ಗ್ರಂಥ ೧೭೨೮ರಲ್ಲಿ ಹೊರಬಂದಿತು. ನಾಳದ ಒಳಪದರ ಹರಿದು ಗೋಡೆಯ ಪದರಗಳ ನಡುವೆ ರಕ್ತ ನುಗ್ಗುವ ಸ್ಥಿತಿಗೆ ೧೮೧೯ರಲ್ಲಿ ಲೆನೆಕ್ ‘ಸೀಳುವ ಅನ್ಯೂರಿಸಂ’ ಎಂಬರ್ಥದ ಹೆಸರನ್ನಿಟ್ಟನು. ಸೀಳುವುದಕ್ಕೂ ಹಿಗ್ಗುವುದಕ್ಕೂ ಭೇದವಿದ್ದರೂ ಹೆಸರು ಎರಡನ್ನೂ ಬೆಸೆಯಿತು. ಆ ಬೆಸುಗೆಯ ಗುರುತು ಒಂದೂವರೆ ಶತಮಾನದ ನಂತರದ ಸಂಕೇತಪಟ್ಟಿಗಳಲ್ಲಿಯೂ ಉಳಿದಿತ್ತು.

೩

ಖಿದಿರ್‌ಪುರ ಹೂಗ್ಲಿ ನದಿಯ ಪೂರ್ವದಡದಲ್ಲಿ, ಆದಿಗಂಗೆಯ ಹರಿವಿಗೆ ಹತ್ತಿರವಾಗಿ, ನಗರದ ನೈಋತ್ಯಕ್ಕಿರುವ ಬಂದರುನೆಲೆ. ಊರಿನ ಹೆಸರಿಗೆ ಎರಡು ನಿಷ್ಪತ್ತಿಗಳನ್ನು ಹೇಳುವುದುಂಟು. ನಾವಿಕರೂ ಬೆಸ್ತರೂ ನೀರಿನ ಒಡೆಯನೆಂದು ನಂಬುವ ಖ್ವಾಜಾ ಖಿಜ್ರ್ ಎಂಬ ಸಂತನ ಹೆಸರಿನಿಂದ ಬಂದಿತೆಂಬುದು ಒಂದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿ ಹಡಗು ಕಟ್ಟುತ್ತಿದ್ದ ಜೇಮ್ಸ್ ಕಿಡ್‌ನ ಮನೆತನದ ಹೆಸರಿನಿಂದ ಬಂದಿತೆಂಬುದು ಇನ್ನೊಂದು. ಎರಡೂ ಹಡಗಿಗೇ ಸಂಬಂಧಿಸಿದವು. ಕಿಡ್‌ನ ಕಟ್ಟೆಯಲ್ಲಿ ನಿರ್ಮಾಣವಾದ ‘ಹೇಸ್ಟಿಂಗ್ಸ್’ ಎಂಬ ೭೪ ಫಿರಂಗಿಗಳ ಯುದ್ಧನೌಕೆಯನ್ನು ೧೮೧೯ರಲ್ಲಿ ಬ್ರಿಟಿಷ್ ನೌಕಾಪಡೆ ಕೊಂಡುಕೊಂಡಿತು. ೧೮೭೦ರಲ್ಲಿ ಬಂದರು ಮಂಡಳಿ ಸ್ಥಾಪನೆಯಾಗಿ, ೧೮೯೨ರಲ್ಲಿ ಖಿದಿರ್‌ಪುರದ ಹಡಗುಕಟ್ಟೆ ತೆರೆಯಿತು. ಸಿಲ್ಹೆಟ್, ನೊವಾಖಾಲಿ, ಚಿತ್ತಗಾಂಗ್‌ಗಳಿಂದ ಬಂದ ಲಸ್ಕರರು ಇಲ್ಲಿಯ ವಸತಿಗಳಲ್ಲಿ ತಂಗಿ ಹಡಗು ಹತ್ತುತ್ತಿದ್ದರು. ಹಲವರಿಗೆ ದೊರೆಯುತ್ತಿದ್ದುದು ಹಡಗಿನ ಒಲೆಮನೆಯಲ್ಲಿ ಕಲ್ಲಿದ್ದಲು ತುಂಬುವ ಕೆಲಸ. ಉತ್ತರಕ್ಕೆ ಫೋರ್ಟ್ ವಿಲಿಯಂ ಕೋಟೆಯಲ್ಲಿ ಸೈನ್ಯವಿತ್ತು. ಸಮೀಪದಲ್ಲಿಯೇ ಪ್ರೆಸಿಡೆನ್ಸಿ ಜನರಲ್ ಆಸ್ಪತ್ರೆಯಿತ್ತು. ಇಂದು ಅದು ಸೇಠ್ ಸುಖಲಾಲ್ ಕರ್ನಾನಿ ಸ್ಮಾರಕ ಆಸ್ಪತ್ರೆಯೆನಿಸಿದೆ.

ಇಂಥ ನೆಲೆಯಲ್ಲಿ ಸತ್ತವರನ್ನು ಸರ್ಕಾರ ಹೇಗೆ ಎಣಿಸುತ್ತಿತ್ತು? ಬಂಗಾಳದ ಜನನ-ಮರಣ ನೋಂದಣಿ ಕಾನೂನು ೧೮೭೩ರಲ್ಲಿ ಬಂದಿತು. ಪ್ರಾಂತದ ಬಹುಭಾಗದಲ್ಲಿ ಸಾವಿನ ಸುದ್ದಿಯನ್ನು ತರುತ್ತಿದ್ದವನು ಹಳ್ಳಿಯ ಚೌಕಿದಾರ. ಅವನಿಗಾಗಿ ಇದ್ದ ಕಾರಣಗಳ ಪಟ್ಟಿ ಚಿಕ್ಕದು: ಕಾಲರಾ, ಸಿಡುಬು, ಜ್ವರ, ಆಮಶಂಕೆ ಮತ್ತು ಭೇದಿ, ಗಾಯ, ಇತರ. ಎದೆಯೊಳಗಿನ ನಾಳ ಒಡೆದು ಸತ್ತ ಕೂಲಿಕಾರನಿಗೆ ಈ ಪಟ್ಟಿಯಲ್ಲಿ ದೊರೆಯಬಹುದಾಗಿದ್ದ ಮನೆ ‘ಇತರ’ ಎಂಬುದೊಂದೇ. ಹಾಗೆ ನೋಡಿದರೆ ಆ ಕಾಲದ ಅಜ್ಞಾನ ನಿರುಪದ್ರವಿಯಾಗಿತ್ತು. ಅದು ಏನನ್ನೂ ಹೇಳುತ್ತಿರಲಿಲ್ಲ. ಆದ್ದರಿಂದ ಯಾರ ಮೇಲೂ ದೋಷ ಹೊರಿಸುತ್ತಿರಲಿಲ್ಲ.

ವಿಸ್ತಾರವಾದ ವರ್ಗೀಕರಣ ಸಿದ್ಧವಾಗುತ್ತಿದ್ದುದು ಬೇರೆಡೆ. ಲಂಡನ್ನಿನಲ್ಲಿ ವಿಲಿಯಂ ಫಾರ್ ೧೮೩೯ರಿಂದ ಸಾವಿನ ಕಾರಣಗಳನ್ನು ಕ್ರಮಬದ್ಧವಾಗಿ ವಿಂಗಡಿಸತೊಡಗಿದ್ದನು. ೧೮೯೩ರಲ್ಲಿ ಷಿಕಾಗೋದ ಸಭೆಗೆ ಝಾಕ್ ಬೆರ್ಟಿಲ್ಯಾನ್ ಒಪ್ಪಿಸಿದ ಪಟ್ಟಿ ೧೯೦೦ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಪಟ್ಟಿಯಾಯಿತು. ಅದರ ೧೯೦೯ರ ಪರಿಷ್ಕರಣದಲ್ಲಿ ಅನ್ಯೂರಿಸಂಗೆ ಪ್ರತ್ಯೇಕ ಸ್ಥಾನವಿರಲಿಲ್ಲ. ‘ಧಮನಿಗಳ ರೋಗಗಳು’ ಎಂಬ ೮೧ನೆಯ ಶೀರ್ಷಿಕೆಯಲ್ಲಿ ಧಮನಿಯ ಪೆಡಸುತನದ ಜೊತೆಗೆ ಅದೂ ಸೇರಿತ್ತು. ಅಂದರೆ ಆಗ ರೋಗವನ್ನು ಅದು ಇರುವ ಅಂಗದಿಂದ ಗುರುತಿಸಲಾಗುತ್ತಿತ್ತೇ ಹೊರತು ಕಾರಣದಿಂದಲ್ಲ.

೪

ಅಂಗದಿಂದ ಕಾರಣದ ಕಡೆಗೆ ಈ ರೋಗನಾಮವನ್ನು ಎಳೆದೊಯ್ದದ್ದು ಸೈನ್ಯದ ಅನುಭವ. ಬ್ರಿಟಿಷ್ ಸೈನಿಕರಲ್ಲಿ ಹೃದಯರೋಗವೂ ಮಹಾಪಧಮನಿಯ ಉಬ್ಬೂ ಸಾಮಾನ್ಯ ಜನರಲ್ಲಿರುವುದಕ್ಕಿಂತ ಹೆಚ್ಚೆಂಬುದು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಸೈನ್ಯದ ವೈದ್ಯರ ಗಮನಕ್ಕೆ ಬಂದಿತು. ೧೮೭೦ರಲ್ಲಿ ಆರ್ಥರ್ ಮೈಯರ್ಸ್ ಇದಕ್ಕೆ ಎದೆಯನ್ನು ಬಿಗಿಯುವ ಅಂಗಿಯನ್ನೂ ಹೆಗಲ ಪಟ್ಟಿಗಳ ಭಾರವನ್ನೂ ಹೊಣೆಯಾಗಿಸಿದನು. ಸೈನಿಕನಿಗೆ ರೋಗ ತಂದದ್ದು ಸರ್ಕಾರವೇ ತೊಡಿಸಿದ ಬಟ್ಟೆ ಎಂಬುದು ಅವನ ವಾದದ ಸಾರ. ಆರು ವರ್ಷಗಳ ಬಳಿಕ ಸೈನ್ಯದ ಇನ್ನೊಬ್ಬ ಶಸ್ತ್ರವೈದ್ಯ ಫ್ರಾನ್ಸಿಸ್ ವೆಲ್ಚ್ ಬೇರೆ ಉತ್ತರ ಕೊಟ್ಟನು. ಭಾರತದಿಂದ ಮರಳಿದ ಅಸ್ವಸ್ಥ ಸೈನಿಕರೂ ಬಂದು ಸೇರುತ್ತಿದ್ದ ನೆಟ್ಲಿಯ ಆಸ್ಪತ್ರೆಯಲ್ಲಿ ಶವಪರೀಕ್ಷೆಗಳನ್ನು ನಡೆಸಿದ ಅವನು, ಉಬ್ಬಿನಿಂದ ಸತ್ತವರಲ್ಲಿ ಹೆಚ್ಚಿನವರಿಗೆ ಸಿಫಿಲಿಸ್ ಇತ್ತೆಂದು ೧೮೭೬ರಲ್ಲಿ ಪ್ರತಿಪಾದಿಸಿದನು. ಹೊಣೆ ಅಂಗಿಯಿಂದ ಅಂಗಿ ತೊಟ್ಟವನಿಗೆ ವರ್ಗವಾಯಿತು.

ವೆಲ್ಚ್‌ನ ವಾದ ವೈದ್ಯಕೀಯವಾಗಿ ತಪ್ಪಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಚಿಕಿತ್ಸೆಯಿಲ್ಲದ ಸಿಫಿಲಿಸ್ ಹಲವು ವರ್ಷಗಳ ನಂತರ ಮಹಾಪಧಮನಿಯ ಗೋಡೆಯ ನಡುಪದರವನ್ನು ಹಾಳುಮಾಡಿ, ವಿಶೇಷವಾಗಿ ಎದೆಯ ಭಾಗದಲ್ಲಿ ಉಬ್ಬನ್ನುಂಟುಮಾಡುವುದು ನಿಜ. ಶೌಡಿನ್ ಮತ್ತು ಹಾಫ್‌ಮನ್ನರು ೧೯೦೫ರಲ್ಲಿ ರೋಗಾಣುವನ್ನು ಕಂಡುಹಿಡಿದರು. ೧೯೦೬ರಲ್ಲಿ ವಾಸರ್‌ಮನ್ನನ ರಕ್ತಪರೀಕ್ಷೆ ಬಂದಿತು. ಸಮಸ್ಯೆ ಹುಟ್ಟಿದ್ದು ‘ಹಲವು ಸಂದರ್ಭಗಳಲ್ಲಿ’ ಎಂಬುದು ‘ಬೇರೆ ಹೇಳದಿದ್ದರೆ ಎಲ್ಲ ಸಂದರ್ಭಗಳಲ್ಲಿ’ ಎಂದಾದಾಗ.

ಬಂದರಿನ ಊರುಗಳಲ್ಲಿ ಈ ಸಂಶಯಕ್ಕೆ ನೆಲ ಮೊದಲೇ ಹದವಾಗಿತ್ತು. ಸಿಫಿಲಿಸ್‌ನ ಹೆಸರುಗಳ ಚರಿತ್ರೆಯೇ ಪರರ ಮೇಲೆ ದೋಷ ಹೊರಿಸುವ ಚರಿತ್ರೆ. ಹದಿನಾರನೆಯ ಶತಮಾನದ ಭಾವಮಿಶ್ರನು ಭಾವಪ್ರಕಾಶದಲ್ಲಿ ಅದನ್ನು ಫಿರಂಗರೋಗವೆಂದು ಕರೆದನು. ಕನ್ನಡದ ‘ಪರಂಗಿ ಹುಣ್ಣು’ ಎಂಬ ಮಾತೂ, ಅದಕ್ಕೆ ಮದ್ದಾಗಿ ಬಳಸುತ್ತಿದ್ದ ‘ಪರಂಗಿ ಚಕ್ಕೆ’ ಎಂಬ ಹೆಸರೂ ಕಡಲಾಚೆಯಿಂದ ಬಂದವರನ್ನೇ ಬೊಟ್ಟುಮಾಡುತ್ತವೆ. ಆಳುವವರ ಬೊಟ್ಟು ಬೇರೆ ದಿಕ್ಕಿಗಿತ್ತು. ೧೮೬೮ರ ಹದಿನಾಲ್ಕನೆಯ ಕಾಯಿದೆಯು ಸಾಂಕ್ರಾಮಿಕ ರೋಗಗಳ ಹೆಸರಿನಲ್ಲಿ ವೇಶ್ಯೆಯರನ್ನು ದಾಖಲುಮಾಡಿಸಿ, ಕಡ್ಡಾಯವಾಗಿ ಪರೀಕ್ಷಿಸಿ, ರೋಗವಿದ್ದವರನ್ನು ಆಸ್ಪತ್ರೆಯಲ್ಲಿ ಕೂಡಿಹಾಕುವ ಅಧಿಕಾರ ಕೊಟ್ಟಿತು. ಕಲ್ಕತ್ತೆಯಲ್ಲಿ ಅದು ೧೮೬೯ರಲ್ಲಿ ಜಾರಿಗೆ ಬಂದಿತು, ೧೮೮೮ರಲ್ಲಿ ರದ್ದಾಯಿತು. ವ್ಯಾಪಾರಿ ಹಡಗುಗಳ ನಾವಿಕರಿಗೆ ಬಂದರುಗಳಲ್ಲಿ ಗುಹ್ಯರೋಗಗಳ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ೧೯೨೪ರಲ್ಲಿ ಬ್ರಸೆಲ್ಸ್‌ನಲ್ಲಿ ಸಹಿಯಾಯಿತು. ಉಪಕಾರದ ಉದ್ದೇಶದ ಈ ಒಪ್ಪಂದವೂ ನಾವಿಕನೆಂದರೆ ಈ ರೋಗವೆಂಬ ಸಮೀಕರಣವನ್ನು ಗಟ್ಟಿಮಾಡಿತು.

ರಕ್ತಪರೀಕ್ಷೆಯಿಂದ ಸಂಶಯ ಪರಿಹಾರವಾಗಬಹುದಿತ್ತಲ್ಲ ಎಂದು ಕೇಳಬಹುದು. ಇಲ್ಲಿಯೇ ಬಂಗಾಳದ ಪರಿಸರವನ್ನು ಗಮನಿಸಬೇಕು. ವಾಸರ್‌ಮನ್ ಪರೀಕ್ಷೆ ಸಿಫಿಲಿಸ್ ಇಲ್ಲದವರಲ್ಲಿಯೂ ಕೆಲವೊಮ್ಮೆ ಇದೆಯೆಂದು ತೋರಿಸುತ್ತದೆ. ಹಾಗೆ ದಾರಿತಪ್ಪಿಸುವ ರೋಗಗಳಲ್ಲಿ ಮಲೇರಿಯಾ ಮತ್ತು ಕುಷ್ಠ ಮುಖ್ಯವಾದವು. ೧೮೯೫ರಲ್ಲಿ ಬೆಂಗಳೂರಿನಲ್ಲಿ ಕಾಲರಾ ನಿಯಂತ್ರಣದ ಕೆಲಸದಲ್ಲಿದ್ದ ರೊನಾಲ್ಡ್ ರಾಸ್ ೧೮೯೮ರಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆಯಿಂದ ಹರಡುವ ಬಗೆಯನ್ನು ಸಿದ್ಧಪಡಿಸಿದ್ದು ಖಿದಿರ್‌ಪುರದ ಸಮೀಪದ ಮೇಲೆ ಹೇಳಿದ ಆಸ್ಪತ್ರೆಯ ಪ್ರಯೋಗಾಲಯದಲ್ಲಿ. ಮಲೇರಿಯಾದ ಅಧ್ಯಯನಕ್ಕೆ ತಕ್ಕ ನೆಲವೆನಿಸಿದ 그 ಪ್ರದೇಶದಲ್ಲಿಯೇ ವಾಸರ್‌ಮನ್ ಪರೀಕ್ಷೆಯ ಉತ್ತರವನ್ನು ಪೂರ್ತಿ ನಂಬುವಂತಿರಲಿಲ್ಲ. ನಿಜವಾದ ಸಿಫಿಲಿಸ್ ಪ್ರತಿಕ್ರಿಯೆಯನ್ನು ಹುಸಿ ಪ್ರತಿಕ್ರಿಯೆಯಿಂದ ಬೇರ್ಪಡಿಸುವ ಪರೀಕ್ಷೆಯನ್ನು ನೆಲ್ಸನ್ ಮತ್ತು ಮೇಯರ್ ಪ್ರಕಟಿಸಿದ್ದು ೧೯೪೯ರಲ್ಲಿ. ಅಷ್ಟರಲ್ಲಿ ಸಂಕೇತಪಟ್ಟಿ ಅಚ್ಚಿಗೆ ಹೋಗಿತ್ತು.

೫

ಆರನೆಯ ಪರಿಷ್ಕರಣವನ್ನು ೧೯೪೮ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಸಮ್ಮೇಳನ ಅಂಗೀಕರಿಸಿತು. ಹೊಸದಾಗಿ ಹುಟ್ಟಿದ ವಿಶ್ವ ಆರೋಗ್ಯ ಸಂಸ್ಥೆ ಅದರ ಹೊಣೆ ಹೊತ್ತಿತು. ಸಾವಿನ ಕಾರಣಗಳ ಜೊತೆಗೆ ಕಾಯಿಲೆಗಳನ್ನೂ ಒಳಗೊಂಡ ಮೊದಲ ಪಟ್ಟಿ ಅದು. ಅದರಲ್ಲಿ ೦೨೦ರಿಂದ ೦೨೯ರವರೆಗಿನ ಅಂಕೆಗಳು ಸಿಫಿಲಿಸ್ ಮತ್ತು ಅದರ ಪರಿಣಾಮಗಳಿಗೆ ಮೀಸಲು. ಆ ಸಾಲಿನಲ್ಲಿ ೦೨೨ ಎಂಬ ಅಂಕೆಯ ಶೀರ್ಷಿಕೆ ಕೇವಲ ‘ಮಹಾಪಧಮನಿಯ ಅನ್ಯೂರಿಸಂ’. ‘ಸಿಫಿಲಿಸ್‌ನಿಂದಾದ’ ಎಂಬ ವಿಶೇಷಣ ಅದಕ್ಕಿಲ್ಲ. ಬೇಕೆಂದು ಯಾರಿಗೂ ತೋರಿರಲಿಲ್ಲ. ಧಮನಿಗಳ ರೋಗಗಳ ಸಾಲಿನಲ್ಲಿ ೪೫೧ ಎಂಬ ಇನ್ನೊಂದು ಅಂಕೆ ಇತ್ತು. ಅದರ ಶೀರ್ಷಿಕೆ ‘ಮಹಾಪಧಮನಿಯ ಸಿಫಿಲಿಸೇತರ ಅನ್ಯೂರಿಸಂ ಮತ್ತು ಸೀಳುವ ಅನ್ಯೂರಿಸಂ’.

ವ್ಯಾಕರಣದ ದೃಷ್ಟಿಯಿಂದ ಈ ಎರಡು ಶೀರ್ಷಿಕೆಗಳನ್ನು ಒಟ್ಟಿಗೆ ಓದಬೇಕು. ಯಾವುದಕ್ಕೆ ವಿಶೇಷಣ ಬೇಕೋ ಅದು ಅಪವಾದ. ಯಾವುದಕ್ಕೆ ವಿಶೇಷಣ ಬೇಡವೋ ಅದು ನಿಯಮ. ನಾವು ‘ಎಮ್ಮೆಯ ಹಾಲು’ ಎಂದು ಹೇಳುವುದು ‘ಹಾಲು’ ಎಂದರೆ ಹಸುವಿನದೆಂದು ಕೇಳುವವರು ತಿಳಿದಾರೆಂಬ ಊಹೆಯಿದ್ದಾಗ. ಹಾಗೆಯೇ ಈ ಪಟ್ಟಿಯಲ್ಲಿ ‘ಉಬ್ಬು’ ಎಂದರೆ ಸಿಫಿಲಿಸ್‌ನದು. ಅಲ್ಲವೆನ್ನುವವನು ಅಲ್ಲವೆಂದು ಬರೆಯಬೇಕು. ನಿರ್ದೋಷವನ್ನು ಸಾಬೀತುಮಾಡುವ ಹೊಣೆ ಸತ್ತವನ ಕಡೆಗೆ ಬಿದ್ದಿತು. ಅವನ ಪರವಾಗಿ ಅದನ್ನು ಬರೆಯಬೇಕಾದವನು ಸಾವಿನ ಪ್ರಮಾಣಪತ್ರಕ್ಕೆ ಸಹಿ ಹಾಕುವ ವೈದ್ಯ. ಹೆಚ್ಚು ರೋಗಿಗಳೂ ಕಡಿಮೆ ವೇಳೆಯೂ ಇರುವೆಡೆ, ಶವಪರೀಕ್ಷೆ ನಡೆಯದಿದ್ದಾಗ, ವೈದ್ಯನ ಲೇಖನಿಯಿಂದ ಬರುವುದು ಬರಿಯ ನಾಮಪದ. ಪ್ರಮಾಣಪತ್ರವನ್ನು ಓದಿ ಅಂಕೆ ಕೊಡುವ ಗುಮಾಸ್ತನು ರೋಗಿಯನ್ನು ಕಂಡವನಲ್ಲ. ಪಟ್ಟಿ ಹೇಳಿದಂತೆ ನಡೆಯುವುದು ಅವನ ಕರ್ತವ್ಯ.

ಕಾಲದ ದೃಷ್ಟಿಯಿಂದಲೂ ಇಲ್ಲಿ ಒಂದು ವಿಪರ್ಯಾಸವಿದೆ. ಸಿಫಿಲಿಸ್‌ಗೆ ಪೆನಿಸಿಲಿನ್ ಚಿಕಿತ್ಸೆ ೧೯೪೩ರಲ್ಲಿಯೇ ಆರಂಭವಾಗಿ, ರೋಗ ಹಿಂದೆಗೆಯುವ ದಾರಿ ತೆರೆದಿತ್ತು. ಮುಪ್ಪು, ಹೊಗೆಸೊಪ್ಪು, ರಕ್ತದೊತ್ತಡ, ಧಮನಿಯ ಪೆಡಸುತನ ಇವುಗಳೊಡನೆ ಕಾಣಿಸಿಕೊಳ್ಳುವ ಹೊಟ್ಟೆಯ ಭಾಗದ ಉಬ್ಬು ಮುಂದೆ ಬರುತ್ತಿತ್ತು. ಪ್ಯಾರಿಸ್ ಸಮ್ಮೇಳನ ನಡೆದ ವರ್ಷದ ಕೊನೆಯಲ್ಲಿಯೇ ಆಲ್ಬರ್ಟ್ ಐನ್‌ಸ್ಟೈನ್‌ರ ಹೊಟ್ಟೆಯಲ್ಲಿದ್ದ ಇಂಥ ಉಬ್ಬಿಗೆ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಸೆಲ್ಲೋಫೇನ್ ಹೊದಿಕೆ ಸುತ್ತಿದ್ದರು. ೧೯೫೫ರ ಏಪ್ರಿಲ್ ೧೮ರಂದು ಅದು ಒಡೆದು ಐನ್‌ಸ್ಟೈನ್ ತೀರಿಕೊಂಡರು. ಅಷ್ಟರಲ್ಲಿ ೧೯೫೧ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದುಬೋಸ್ಟ್ ಉಬ್ಬಿದ ಭಾಗವನ್ನು ತೆಗೆದು ಬೇರೆ ನಾಳವನ್ನು ಕಸಿಮಾಡಿದ್ದರು. ಶಸ್ತ್ರವೈದ್ಯದಲ್ಲಿ ರೋಗದ ಸ್ವರೂಪ ಬದಲಾಗುತ್ತಿದ್ದಾಗ ಪಟ್ಟಿ ಮಾತ್ರ ಹಿಂದಿನ ತಲೆಮಾರಿನ ರೋಗಿಯನ್ನೇ ಕಣ್ಣಮುಂದಿಟ್ಟುಕೊಂಡಿತ್ತು. ಏಳನೆಯ ಪರಿಷ್ಕರಣದಲ್ಲಿಯೂ ೦೨೨ ಮತ್ತು ೪೫೧ ಹಾಗೆಯೇ ಮುಂದುವರಿದವು.

ಬದಲಾವಣೆ ಬಂದದ್ದು ೧೯೬೮ರಿಂದ ಬಳಕೆಗೆ ಬಂದ ಎಂಟನೆಯ ಪರಿಷ್ಕರಣದಲ್ಲಿ. ಉಬ್ಬಿಗೆ ಈಗ ೪೪೧ ಎಂಬ ಅಂಕೆ ದೊರೆತು, ಅದು ರಕ್ತಪರಿಚಲನೆಯ ರೋಗಗಳ ನಡುವೆ ನೆಲೆಸಿತು. ‘ಸಿಫಿಲಿಸೇತರ’ ಎಂಬ ಮಾತು ಕಂಸದೊಳಗೆ ಉಳಿಯಿತು. ಒಂಬತ್ತನೆಯ ಪರಿಷ್ಕರಣದಲ್ಲಿ, ಅಂದರೆ ೧೯೭೫ರ ಸಮ್ಮೇಳನದ ನಂತರ, ಆ ಕಂಸವೂ ಬಿದ್ದುಹೋಗಿ ಶೀರ್ಷಿಕೆ ಬರಿಯ ‘ಮಹಾಪಧಮನಿಯ ಅನ್ಯೂರಿಸಂ’ ಎಂದಾಯಿತು. ಶಬ್ದಗಳು ೧೯೪೮ರ ೦೨೨ರವೇ, ಅರ್ಥ ತಿರುವುಮುರುವು. ಈಗ ವಿಶೇಷಣ ಬೇಕಾದದ್ದು ಸಿಫಿಲಿಸ್‌ನ ಉಬ್ಬಿಗೆ. ನಾಮಪದವೊಂದು ತನ್ನ ರೂಪವನ್ನು ಸ್ವಲ್ಪವೂ ಬದಲಿಸದೆ ಆರೋಪದಿಂದ ಬಿಡುಗಡೆ ಹೊಂದಿದ ಇಂಥ ನಿದರ್ಶನಗಳು ಪರಿಭಾಷೆಯ ಚರಿತ್ರೆಯಲ್ಲಿ ವಿರಳ.

೬

ಮುಂದಿನ ಬೆಳವಣಿಗೆಯನ್ನು ಸಂಕ್ಷೇಪವಾಗಿ ನೋಡಬಹುದು. ೧೯೯೦ರಲ್ಲಿ ಅಂಗೀಕೃತವಾದ ಹತ್ತನೆಯ ಪರಿಷ್ಕರಣದಲ್ಲಿ ಅಂಕೆಯ ಮುಂದೆ ಅಕ್ಷರ ಬಂದು, ಈ ರೋಗ ‘ಐ ೭೧’ ಆಯಿತು. ಶೀರ್ಷಿಕೆ ‘ಮಹಾಪಧಮನಿಯ ಅನ್ಯೂರಿಸಂ ಮತ್ತು ಸೀಳುವಿಕೆ’ ಎಂದಾಗಿ, ಲೆನೆಕ್‌ನ ಬೆಸುಗೆ ಕಡೆಗೂ ಬಿಚ್ಚಿಕೊಂಡಿತು. ಎದೆ, ಹೊಟ್ಟೆ, ಇವೆರಡಕ್ಕೂ ಚಾಚಿದ ಭಾಗ ಎಂದು ಸ್ಥಾನಭೇದವೂ, ಒಡೆದದ್ದು ಮತ್ತು ಒಡೆದ ಉಲ್ಲೇಖವಿಲ್ಲದ್ದು ಎಂಬ ಸ್ಥಿತಿಭೇದವೂ ದಶಮಾಂಶದ ನಂತರದ ಅಂಕೆಗಳಲ್ಲಿ ಸೇರಿದವು. ಹೊಟ್ಟೆಯ ಭಾಗದ ಉಬ್ಬು ಒಡೆದಿದ್ದರೆ ‘ಐ ೭೧.೩’, ಒಡೆದ ಉಲ್ಲೇಖವಿಲ್ಲದಿದ್ದರೆ ‘ಐ ೭೧.೪’. ೨೦೧೯ರಲ್ಲಿ ಅಂಗೀಕಾರವಾಗಿ ೨೦೨೨ರ ಜನವರಿ ೧ರಿಂದ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣದಲ್ಲಿ ಇದರ ಮನೆ ‘ಬಿಡಿ ೫೦’.

ಒಂದು ಊಹೆ ಕಳಚಿದ ಮೇಲೆ ಇನ್ನೊಂದು ತೊಡಕು ಮುಂದೆ ಬಂದಿತು. ಎಷ್ಟು ಹಿಗ್ಗಿದರೆ ಉಬ್ಬು? ಅಮೆರಿಕದ ರಕ್ತನಾಳ ಶಸ್ತ್ರವೈದ್ಯರು ೧೯೯೧ರಲ್ಲಿ ಪ್ರಕಟಿಸಿದ ಮಾನದಂಡದಂತೆ, ಸಹಜ ವ್ಯಾಸಕ್ಕಿಂತ ಶೇಕಡ ೫೦ ಅಥವಾ ಅದಕ್ಕೂ ಹೆಚ್ಚು ಅಗಲವಾದ, ಶಾಶ್ವತವಾದ, ಒಂದೆಡೆಗೆ ಸೀಮಿತವಾದ ಹಿಗ್ಗು ಅನ್ಯೂರಿಸಂ. ಅದಕ್ಕಿಂತ ಕಡಿಮೆಯಾದದ್ದು ಎಕ್ಟೇಸಿಯಾ. ಹೊಟ್ಟೆಯ ಭಾಗದಲ್ಲಿ ೩ ಸೆಂಟಿಮೀಟರ್ ಎಂಬುದು ರೂಢಿಯ ಗಡಿಯಾಗಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ಪರಿಷ್ಕರಣವು ‘ಮಹಾಪಧಮನಿಯ ಹಿಗ್ಗುವಿಕೆ’ ಎಂಬ ಮಾತನ್ನೂ ‘ಐ ೭೧.೯’ ಎಂಬ ಉಬ್ಬಿನ ಅಂಕೆಯಲ್ಲಿಯೇ ಸೇರಿಸಿತು. ಅಮೆರಿಕ ತನ್ನ ಬಳಕೆಗೆ ಮಾರ್ಪಡಿಸಿಕೊಂಡ ಆವೃತ್ತಿಯಲ್ಲಿ ಎಕ್ಟೇಸಿಯಾಕ್ಕೆ ‘ಐ ೭೭.೮೧’ ಎಂಬ ಬೇರೆ ಮನೆಯಿದೆ. ಒಂದೇ ರೋಗಿಯ ಒಂದೇ ಅಳತೆ ಒಂದು ಪುಸ್ತಕದಲ್ಲಿ ಉಬ್ಬು, ಇನ್ನೊಂದರಲ್ಲಿ ಬರಿಯ ಹಿಗ್ಗು. ವಿಮೆಯ ಹಣ ಸಂಕೇತಾಂಕವನ್ನು ನೋಡಿ ಸಂದಾಯವಾಗುವ ವ್ಯವಸ್ಥೆಯಲ್ಲಿ ಈ ಭೇದ ಚಿಕ್ಕದಲ್ಲ. ದೇಹದ ಗಾತ್ರಕ್ಕೆ ತಕ್ಕಂತೆ ಮಹಾಪಧಮನಿಯ ಸಹಜ ವ್ಯಾಸವೂ ಬದಲಾಗುತ್ತದೆ. ಹೆಂಗಸರಲ್ಲಿ ಅದು ಗಂಡಸರಲ್ಲಿರುವುದಕ್ಕಿಂತ ಕಿರಿದು. ಆದ್ದರಿಂದ ಒಂದೇ ಗಡಿಯನ್ನು ಎಲ್ಲರಿಗೂ ಅನ್ವಯಿಸುವಾಗ ಎಚ್ಚರ ಅಗತ್ಯ.

ನಮ್ಮ ದೇಶದ ಅನುಭವವು ಇನ್ನೊಂದು ಪಾಠವನ್ನು ಕಲಿಸುತ್ತದೆ. ೧೯೦೮ರಲ್ಲಿ ಜಪಾನಿನ ನೇತ್ರವೈದ್ಯ ಮಿಕಿತೊ ತಕಯಾಸು ವರ್ಣಿಸಿದ, ಮಹಾಪಧಮನಿಯ ಗೋಡೆಯ ಉರಿಯೂತದ ರೋಗ ಭಾರತದಲ್ಲಿಯೂ ಕಾಣುತ್ತದೆ. ಅದು ಹೆಚ್ಚಾಗಿ ಎಳೆಯ ವಯಸ್ಸಿನ ಹೆಂಗಸರನ್ನು ಬಾಧಿಸಿ ನಾಳವನ್ನು ಕೆಲವೆಡೆ ಕಿರಿದಾಗಿಸುತ್ತದೆ, ಕೆಲವೆಡೆ ಉಬ್ಬಿಸುತ್ತದೆ. ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಪಿ. ಕೆ. ಸೇನ್, ಎಸ್. ಜಿ. ಕಿನಾರೆ ಮೊದಲಾದವರು ೧೯೬೦ರ ದಶಕದಲ್ಲಿ ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಹತ್ತನೆಯ ಪರಿಷ್ಕರಣದಲ್ಲಿ ಇದರ ಅಂಕೆ ‘ಎಂ ೩೧.೪’. ೧೯೪೮ರ ಕಟ್ಟಳೆಯನ್ನು ಅಕ್ಷರಶಃ ಪಾಲಿಸಿದ ಕಾಲದಲ್ಲಿ, ಈ ರೋಗದಿಂದ ಉಬ್ಬು ಬಂದು ಸತ್ತ ಹೆಂಗಸಿನ ಪ್ರಮಾಣಪತ್ರದಲ್ಲಿ ಬರಿಯ ನಾಮಪದವಿದ್ದರೆ ಅವಳೂ ೦೨೨ರ ಸಾಲಿಗೇ ಸೇರಬೇಕಾಗಿತ್ತು. ಕಾಯಿದೆಯ ಪುಸ್ತಕದಿಂದ ೧೮೮೮ರಲ್ಲಿ ಹೊರಬಿದ್ದ ಸಂಶಯ ಹೀಗೆ ಅಂಕಿ-ಅಂಶದ ಪುಸ್ತಕದ ಮೂಲಕ ಒಳಗೆ ಬಂದಂತಾಗುತ್ತಿತ್ತು.

೭

ಈ ಚರಿತ್ರೆಯಿಂದ ಕನ್ನಡ ಪರಿಭಾಷೆ ಕಲಿಯಬಹುದಾದದ್ದೇನು? ಕನ್ನಡಕ್ಕೂ ಹೂಗ್ಲಿಯ ದಡಕ್ಕೂ ಭಾಷಾಸಂಬಂಧ ಹೊಸದಲ್ಲ. ವಿಲಿಯಂ ಕೇರಿಯ ಕರ್ಣಾಟಕ ಭಾಷಾವ್ಯಾಕರಣ ೧೮೧೭ರಲ್ಲಿ ಅಚ್ಚಾದದ್ದು ಶ್ರೀರಾಮಪುರದಲ್ಲಿ. ಅವನ ಮಗ ಫೆಲಿಕ್ಸ್ ಕೇರಿ ಅಲ್ಲಿಂದಲೇ ಬಂಗಾಳಿಯಲ್ಲಿ ಶರೀರರಚನಾಶಾಸ್ತ್ರದ ಗ್ರಂಥವನ್ನು ಹೊರತಂದನು. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ೧೮೩೬ರಲ್ಲಿ ಪಂಡಿತ ಮಧುಸೂದನ ಗುಪ್ತರು ಶವಚ್ಛೇದ ಮಾಡಿದ ಮೇಲೆ ದೇಶಭಾಷೆಗಳಲ್ಲಿ ಪಾರಿಭಾಷಿಕ ಪದಗಳ ಅಗತ್ಯ ತೀವ್ರವಾಯಿತು. ಪಾಶ್ಚಾತ್ಯ ಶಾಸ್ತ್ರಪದಗಳನ್ನು ಭಾರತೀಯ ಭಾಷೆಗಳಿಗೆ ತರುವ ಕ್ರಮವನ್ನು ಕುರಿತ ರಾಜೇಂದ್ರಲಾಲ ಮಿತ್ರರ ಪುಸ್ತಿಕೆ ೧೮೭೭ರಲ್ಲಿ ಕಲ್ಕತ್ತೆಯಲ್ಲಿಯೇ ಪ್ರಕಟವಾಯಿತು. ಎಲ್ಲ ಪದಗಳಿಗೂ ಒಂದೇ ನಿಯಮ ಸಲ್ಲದು, ಪದದ ಜಾತಿಯನ್ನು ನೋಡಿ ಅನುವಾದವೋ ಲಿಪ್ಯಂತರವೋ ಎಂದು ನಿರ್ಧರಿಸಬೇಕು ಎಂಬ ಅವರ ನಿಲುವು ಇಂದಿಗೂ ಸಲ್ಲುತ್ತದೆ.

ಬಂಗಾಳಿ ಮತ್ತು ಹಿಂದಿಗಳು ‘ಧಮನಿ’, ‘ಮಹಾಧಮನಿ’ ಎಂದಿಟ್ಟುಕೊಂಡಿವೆ. ಕನ್ನಡದ ಪಠ್ಯಗಳು ಒಂದು ಹೆಜ್ಜೆ ಮುಂದೆ ಹೋಗಿ, ಹೃದಯದಿಂದ ರಕ್ತವನ್ನು ಒಯ್ಯುವುದಕ್ಕೆ ‘ಅಪಧಮನಿ’ ಎಂದೂ ಹೃದಯದ ಕಡೆಗೆ ತರುವುದಕ್ಕೆ ‘ಅಭಿಧಮನಿ’ ಎಂದೂ ಉಪಸರ್ಗಗಳಿಂದ ಭೇದ ಕಲ್ಪಿಸಿವೆ. ‘ಮಹಾಪಧಮನಿ’ ಈ ಕ್ರಮದಿಂದ ಬಂದದ್ದು. ನಾಳದ ಹೆಸರಿನಲ್ಲಿ ಇಷ್ಟು ಸೂಕ್ಷ್ಮತೆ ತೋರಿದ ನಾವು ಅದರ ವಿಕಾರಗಳ ಹೆಸರಿನಲ್ಲಿ ಅಷ್ಟೇ ಎಚ್ಚರ ವಹಿಸಿಲ್ಲ. ಪತ್ರಿಕೆಗಳಲ್ಲಿಯೂ ಜನಬಳಕೆಯಲ್ಲಿಯೂ ಊತ, ಬಾವು, ಗಂಟು, ಹಿಗ್ಗುವಿಕೆ ಎಂಬ ಮಾತುಗಳು ಒಂದಕ್ಕೊಂದು ಬದಲಾಗಿ ಬರುತ್ತವೆ. ‘ಬಾವು’ ಎಂದರೆ ಕೀವು, ಉರಿ, ನೋವುಗಳ ಕಲ್ಪನೆ ಬರುತ್ತದೆ. ಪಾರೆ ಎಚ್ಚರಿಸಿದ್ದು ಇದೇ ತಪ್ಪುಗ್ರಹಿಕೆಯನ್ನು. ‘ಗಂಟು’ ಎಂದರೆ ಒಳಗೆ ಗಟ್ಟಿಯಾದ ವಸ್ತುವಿದೆಯೆಂದು ತೋರುತ್ತದೆ. ‘ಊತ’ ನೀರು ತುಂಬಿದ ಕಾಲಿಗೂ ಸಲ್ಲುವ ಮಾತು.

ನಾಲ್ಕು ಸ್ಥಿತಿಗಳಿಗೆ ನಾಲ್ಕು ಅಚ್ಚಗನ್ನಡ ಮಾತುಗಳನ್ನು ಗೊತ್ತುಮಾಡಿಕೊಳ್ಳುವುದು ಸಾಧ್ಯ. ಗಡಿಯನ್ನು ಮುಟ್ಟದ ಅಗಲಿಕೆಗೆ ‘ಹಿಗ್ಗು’. ಗಡಿಯನ್ನು ಮುಟ್ಟಿದ ಅಥವಾ ದಾಟಿದ ಅಗಲಿಕೆಗೆ ‘ಉಬ್ಬು’. ಗೋಡೆಯ ಪದರಗಳು ಬಿಡುವುದಕ್ಕೆ ‘ಪದರಸೀಳು’. ಗೋಡೆ ಪೂರ್ತಿ ಹರಿದು ರಕ್ತ ಹೊರಬೀಳುವುದಕ್ಕೆ ‘ಒಡೆತ’. ‘ಹಿಗ್ಗು’ ಎಂಬುದಕ್ಕೆ ಸಂತೋಷವೆಂಬ ಅರ್ಥವೂ ಇದೆಯೆಂಬ ಆಕ್ಷೇಪ ಬರಬಹುದು. ‘ಮಹಾಪಧಮನಿಯ ಹಿಗ್ಗು’ ಎಂದಾಗ ಆ ಗೊಂದಲಕ್ಕೆ ಎಡೆಯಿಲ್ಲ. ಈ ನಾಲ್ಕೂ ಮಾತುಗಳು ರೂಪವನ್ನು ಮಾತ್ರ ಹೇಳುತ್ತವೆ. ಕಾರಣವನ್ನು ಹೇಳಬೇಕಾದಲ್ಲಿ ವಿಶೇಷಣವಾಗಿ, ಪುರಾವೆಯಿದ್ದಾಗ ಮಾತ್ರ, ಸೇರಿಸಬೇಕು: ಸಿಫಿಲಿಸ್‌ಜನ್ಯ, ಉರಿಯೂತಜನ್ಯ, ಪೆಡಸುಜನ್ಯ ಎಂದು. ವಿಶೇಷಣವಿಲ್ಲದ ನಾಮಪದಕ್ಕೆ ‘ಕಾರಣ ಹೇಳಿಲ್ಲ’ ಎಂಬ ಅರ್ಥವಲ್ಲದೆ ಬೇರೆ ಅರ್ಥವಿರಕೂಡದು. ಇದೇ ೦೨೨ರ ಚರಿತ್ರೆ ಕಲಿಸುವ ವ್ಯಾಕರಣನಿಯಮ.

ಇದು ಕೇವಲ ಪಂಡಿತರ ಚರ್ಚೆಯ ವಿಷಯವಾಗಿ ಉಳಿದಿಲ್ಲ. ೧೯೬೯ರ ಜನನ-ಮರಣ ನೋಂದಣಿ ಕಾಯಿದೆಯಡಿಯಲ್ಲಿ ಆಸ್ಪತ್ರೆಯ ಸಾವಿಗೆ ನಮೂನೆ ೪, ಆಸ್ಪತ್ರೆಯ ಹೊರಗಿನ ಸಾವಿಗೆ ನಮೂನೆ ೪ಎ ಎಂದು ಕಾರಣಪತ್ರಗಳಿವೆ. ಅವುಗಳಲ್ಲಿ ವೈದ್ಯನು ತಕ್ಷಣದ ಕಾರಣವನ್ನೂ ಅದಕ್ಕೆ ಮೂಲವಾದ ಕಾರಣಗಳನ್ನೂ ಸಾಲಾಗಿ ಬರೆಯಬೇಕು. ೨೦೨೩ರ ತಿದ್ದುಪಡಿಯಂತೆ ಆಸ್ಪತ್ರೆಯು ಈ ಕಾರಣಪತ್ರದ ಒಂದು ಪ್ರತಿಯನ್ನು ಸತ್ತವರ ಹತ್ತಿರದ ಬಂಧುವಿಗೂ ಕೊಡಬೇಕು. ಖಿದಿರ್‌ಪುರದ ಬಂದರಿನವರ ಮನೆಯಲ್ಲಿಯಾಗಲಿ ರಾಯಚೂರಿನ ಹಳ್ಳಿಯ ಮನೆಯಲ್ಲಿಯಾಗಲಿ ಆ ಕಾಗದ ಈಗ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಶಾಲೆಗೆ ಹೋಗುವ ಮೊಮ್ಮಗಳು ಅದನ್ನು ಓದುತ್ತಾಳೆ. ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವ ಅದರ ಒಕ್ಕಣೆಯನ್ನು ಮನೆಯವರಿಗೆ ತಿಳಿಹೇಳಬೇಕಾದಾಗ ದೇಶಭಾಷೆಯ ಮಾತೇ ಬೇಕಾಗುತ್ತದೆ. ಅಜ್ಜನ ಎದೆಯೊಳಗಿನ ಹೆದ್ದಾರಿ ಉಬ್ಬಿ ಒಡೆಯಿತು ಎಂಬಷ್ಟನ್ನೇ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ಹೇಳುವ ಮಾತು ಕನ್ನಡದಲ್ಲಿದೆ. ಅದನ್ನು ನಿಶ್ಚಿತವಾಗಿ ಬಳಕೆಗೆ ತರುವುದು ಪರಿಭಾಷೆಯ ಕೆಲಸದಲ್ಲಿ ತೊಡಗಿದವರ ಹೊಣೆಯಾಗಿದೆ.